ಬಾಲ ಎಲ್ಲಿ ಬಿತ್ತು ಸಾರ್?

ಪುಟ್ಟಿ,

ನಿಂಗೆ ತೀರ್ಥಹಳ್ಳಿ ಕಡೆ ಪ್ರೈಮರಿ ಸ್ಕೂಲಿಗೆ ಪೋಸ್ಟಿಂಗ್ ಆಯ್ತು ಅಂತ ನಿಮ್ಮಮ್ಮ ಫೋನ್ ಮಾಡಿದ್ಲು, ಖುಷಿ ಆಯ್ತು ಮಾರಾಯ್ತಿ. ಪ್ರಾಣಿಗಳ ಚಾರ್ಟ್ ತಗೊಂಡು ಲ್ಯಾಮಿನೇಷನ್ ಬೇರೆ ಮಾಡ್ಸಿದ್ದೀಯಂತೆ, ಜಿರಾಫೆ, ಪೆಂಗ್ವಿನ್ ಎಲ್ಲ ಇದ್ಯಂತೆ. ಇರ್ಲಿ, ಗೋಡೆಗೆ ಚೆಂದ. ಆದ್ರೆ ಆ ಮಕ್ಕಳು ಕಾಲಿಗೆ ಹತ್ತಿದ ಉಂಬಳ ಕಿತ್ತು ಬಿಸಾಕಿ ಕ್ಲಾಸಿಗೆ ಬರೋರು, ಅವ್ರಿಗೆ ಏನು ಗೊತ್ತು ಅಂತ ಮೊದ್ಲು ಕೇಳು, ನೀನು ಹೇಳೋದು ಆಮೇಲೆ.

ನಾನು ಕೇಳ್ದೇ ಪಾಠ ಮಾಡಿ ಒಂದ್ಸಲ ಪೆಚ್ಚಾಗಿದ್ದೆ. ಮಳೆಗಾಲದಲ್ಲಿ ತೋಟದ ಕಾದಿಗೆಯಿಂದ, ಅದೇ ನೀರು ಹರಿಯೋ ಕಾಲುವೆಯಿಂದ, ನಾಲ್ಕೈದು ಗೊದಮೊಟ್ಟೆ ತಂದು ಅಗಲ ಬಾಯಿಯ ಬಾಟ್ಲಿಲಿ ಬಿಟ್ಟು, ಕಾಲು ಬಂದ್ಮೇಲೆ ಬಾಲ ಉದುರಿ ಹೋಗುತ್ತೆ ಅಂತ ಜೋರಾಗಿ ಹೇಳಿಬಿಟ್ಟಿದ್ದೆ. ಮೊದ್ಲು ಹಿಂಗಾಲು ಬಂತು, ಆಮೇಲೆ ಮುಂಗಾಲು, ಬಾಲ ದಿನಾ ಒಂಚೂರು ಗಿಡ್ಡ ಆಗ್ತಾ ಆಗ್ತಾ ಕೊನೆಗೆ ಮೊಂಡು ತುದಿ ಅಷ್ಟೇ ಉಳೀತು. ಎರಡನೇ ಕ್ಲಾಸಿನ ಹುಡುಗಿಯೊಬ್ಳು ಬಾಟ್ಲಿಗೆ ಮೂಗು ಒತ್ತಿ, ತಳ ಎಲ್ಲ ಹುಡುಕಿ, "ಬಾಲ ಎಲ್ಲಿ ಬಿತ್ತು ಸಾರ್?" ಅಂದ್ಲು. ನಂಗೆ ಉತ್ತರ ಇರ್ಲಿಲ್ಲ! ಆಮೇಲೆ ಓದಿ ತಿಳ್ಕೊಂಡೆ, ಅದು ಬೀಳೋದೇ ಇಲ್ಲ, ಮೈಯೊಳಗೇ ಕರಗುತ್ತೆ, ಬಾಯಿ ಬದಲಾಗೋ ಆ ದಿನಗಳಲ್ಲಿ ಮರಿ ಏನೂ ತಿನ್ನಲ್ಲ, ಬಾಲವೇ ಅದಕ್ಕೆ ಬುತ್ತಿ. ಮಾರನೇ ದಿನ ಹೋಗಿ ನಾನು ಹೇಳಿದ್ದು ತಪ್ಪು ಕಣ್ರೋ ಅಂದೆ. ಮಕ್ಕಳಿಗೆ ಎಂಥಾ ಸಂಭ್ರಮ ಅಂತೀಯ!

ನೀನೂ ಮಾಡೋದಾದ್ರೆ ನಲ್ಲಿ ನೀರು ಹಾಕ್ಬೇಡ, ಕ್ಲೋರಿನ್ ಇದ್ರೆ ಸಾಯ್ತಾವೆ. ಕಾದಿಗೆ ನೀರೇ ತಾ, ಮುಂಗಾಲು ಬಂದ ಕೂಡ್ಲೇ ಹತ್ತಿ ಕೂರೋಕೆ ಒಂದು ಕಲ್ಲಿಡು, ಕಪ್ಪೆ ಆದ್ಮೇಲೆ ತಂದಲ್ಲೇ ಬಿಟ್ಟು ಬಾ.

ಇನ್ನೊಂದು, ಬೇಸಿಗೆಲಿ ಮಕ್ಕಳನ್ನ ಕಾಡಿಗೆ ಮಾತ್ರ ಕರ್ಕೊಂಡು ಹೋಗ್ಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದ್ಲು ಗೊತ್ತಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ, ಹರಡೋದು ರಕ್ತ ಹೀರೋ ಉಣುಗು. ಬೆಳೆದ ಉಣುಗಿಗೆ ಎಂಟು ಕಾಲು, ಜೇಡನ ಕಡೆ ನೆಂಟ ಅದು, ಚಿತ್ರ ಬರೆದು ಕಾಲು ಎಣಿಸು ಅನ್ನು, ಮುಟ್ಟೋದು ಬೇಡ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೇ ದೊಡ್ಡವರಿಗೆ ಹೇಳ್ಬೇಕು ಅಂತನೂ ಕಲ್ಸು.

ಗಿಡಕ್ಕೇನು, ಸ್ಕೂಲ್ ಅಂಗಳದಲ್ಲೇ ಮುಟ್ಟಿದರೆ ಮುನಿ ಬೇಕಾದಷ್ಟಿರುತ್ತೆ. ಹಗಲು ಮುಟ್ಟಿ ನೋಡೋದು ಎಲ್ಲರಿಗೂ ಗೊತ್ತು. ಕತ್ತಲಾದ್ಮೇಲೆ ಮನೆ ಬಾಗ್ಲಲ್ಲೇ ಟಾರ್ಚ್ ಹಿಡಿದು, ಮುಟ್ಟದೇ, ಎಲೆ ಹೇಗಿದೆ ನೋಡ್ಕೊಂಡು ಬನ್ನಿ ಅನ್ನು. ನೀನೂ ನೋಡು. ಬೆಳಗ್ಗೆ ಅವರೇ ಹೇಳ್ಲಿ.

ನಿನ್ನ ದೊಡ್ಡಪ್ಪ