ಎತ್ತಿ ಕೂರಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಗೋವಾದಲ್ಲಿ ಸ್ಕೂಬಾ ಡೈವಿಂಗ್ (ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದು) ಸೀಸನ್ ಮತ್ತೆ ಶುರುವಾಗಿದೆ. ಗ್ರ್ಯಾಂಡ್ ಐಲ್ಯಾಂಡ್ ಕಡೆ ಹೊರಡುವ ಬೋಟುಗಳಲ್ಲಿ ಹುಬ್ಬಳ್ಳಿ, ಬೆಳಗಾವಿಯಿಂದ ಬಂದ ನಮ್ಮವರೇ ಬೇಕಾದಷ್ಟು ಜನ. ಅಂಗವಿಕಲರು ವಿಚಾರಿಸಿದರೆ ಮೊದಲೆಲ್ಲ "ಆಗೋದಿಲ್ಲ" ಎನ್ನುತ್ತಿದ್ದ ಬೋಟಿನವರು ಈಗ "ಬನ್ನಿ ಸರ್, ನಮ್ಮ ಹುಡುಗರು ಎತ್ತಿ ಕೂರಿಸ್ತಾರೆ" ಎನ್ನುತ್ತಾರೆ. ಅಷ್ಟರಮಟ್ಟಿಗೆ ಸಂತೋಷವೇ. ಆದರೆ ಎತ್ತುವುದಷ್ಟೇ ಗೊತ್ತಿದ್ದರೆ ಅಪಾಯ ತಪ್ಪುವುದಿಲ್ಲ.

ನಾನು ವಾಸ್ಕೋದ ಬೈನಾದಲ್ಲಿರುವವನು, ಊರು ಗದಗ ಕಡೆ. ಕಟ್ಟಡದ ಕೆಲಸದಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಡೈವಿಂಗ್ ಕಲಿತಿದ್ದೇನೆ.

ಕಾಲು ಆಡದವರಿಗೆ ಫಿನ್ (ಈಜಲು ಪಾದಕ್ಕೆ ತೊಡುವ ಅಗಲವಾದ ರೆಕ್ಕೆ) ಹಾಕಿ ಪ್ರಯೋಜನವಿಲ್ಲ. ಬೆರಳುಗಳ ನಡುವೆ ಬಾತುಕೋಳಿಯ ಪಾದದಂತೆ ಪೊರೆಯಿರುವ ಗ್ಲೌಸ್ ತೊಟ್ಟು ತೋಳಿನಿಂದಲೇ ನೀರು ತಳ್ಳುತ್ತೇವೆ. ಹಾಗೇ ಬಿಟ್ಟರೆ ಕಾಲುಗಳು ತೇಲಿ ಮೇಲೆದ್ದು ತಲೆ ಕೆಳಗಾಗುತ್ತದೆ. ಅದಕ್ಕೇ ಎರಡೂ ಕಾಲು ಸೇರಿಸಿ ಪಟ್ಟಿ ಬಿಗಿದು, ಪಾದದ ಗಂಟಿಗೆ ಸಣ್ಣ ತೂಕ ಕಟ್ಟುವುದು. ಎಷ್ಟು ತೂಕ, ಎಲ್ಲಿ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಈಜುಕೊಳದಲ್ಲಿ ಕಟ್ಟಿ ಬಿಚ್ಚಿ ನೋಡಿಯೇ ಗೊತ್ತಾಗಬೇಕು. ಇನ್ನು, ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ, ಮೂಗು ಹಿಡಿದು ಮೆಲ್ಲಗೆ ಗಾಳಿಯೂದಿ ಕಿವಿಯ ಒತ್ತಡ ಸರಿಮಾಡಿಕೊಳ್ಳುತ್ತಿರಬೇಕು. ಕೈಯೇ ನಮಗೆ ದೋಣಿಯ ಹುಟ್ಟಿದ್ದಂತೆ, ಕೈ ಮೂಗಿಗೆ ಹೋದಾಗಲೆಲ್ಲ ಈಜು ನಿಲ್ಲುತ್ತದೆ. ಜೊತೆಗಾರ ಅಲ್ಲೇ ನಿಂತು ಕಾಯಬೇಕು. ಅವಸರಪಟ್ಟು ಕೆಳಗೆಳೆದರೆ ಕಿವಿಯ ತಮಟೆ ಹರಿದೀತು.

ಹೋದ ಸೀಸನ್ನಿನಲ್ಲಿ ಒಂದು ಬೋಟಿನವರು ನೀರಿನಲ್ಲಿದ್ದ ನನ್ನ ಕಂಕುಳಿಗೆ ಕೈ ಹಾಕಿ ಬೋಟಿನ ಅಂಚಿನ ಮೇಲಿಂದ ಒಳಗೆಳೆದುಕೊಂಡರು. ಹಿಮ್ಮಡಿಯ ಚರ್ಮ ಕಿತ್ತುಹೋದದ್ದು ತಿಳಿದದ್ದು ರಾತ್ರಿ, ಹಾಸಿಗೆಯ ಮೇಲೆ ರಕ್ತ ಕಂಡಾಗ. ಸ್ಪರ್ಶವೇ ಇಲ್ಲದ ಕಾಲಿನ ಗಾಯ ಸುಲಭಕ್ಕೆ ಮಾಯುವುದಿಲ್ಲ, ಹುಣ್ಣಾಗಿ ಆಸ್ಪತ್ರೆ ಸೇರಿದವರಿದ್ದಾರೆ. ಸಿಲಿಂಡರನ್ನು ನೀರಿನಲ್ಲೇ ಕಳಚಿ ಮೊದಲು ಮೇಲೆ ಕೊಟ್ಟು, ಅಂಚಿಗೊಂದು ಮ್ಯಾಟ್ ಹಾಸಿ, ಕಾಲನ್ನು ಒಬ್ಬರು ಪ್ರತ್ಯೇಕವಾಗಿ ಹಿಡಿದಿದ್ದರೆ ಸಾಕಿತ್ತು. ಆ ಹುಡುಗರು ಒಳ್ಳೆಯವರೇ, ಅವರಿಗೆ ಯಾರೂ ಕಲಿಸಿರಲಿಲ್ಲ.

ಕಲಿಸುವ ವ್ಯವಸ್ಥೆ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್ ಹುಟ್ಟಿದ್ದು 1981ರಲ್ಲಿ. ಅವರು ಕಾಯಿಲೆಯ ಹೆಸರು ನೋಡಿ ಜನರನ್ನು ವಿಂಗಡಿಸುವುದಿಲ್ಲ. ತನ್ನನ್ನು ನೋಡಿಕೊಂಡು ಜೊತೆಗಾರನನ್ನೂ ಕಾಪಾಡಬಲ್ಲವರಿಗೆ ಒಬ್ಬ ಜೊತೆಗಾರ. ತನ್ನನ್ನು ಮಾತ್ರ ನೋಡಿಕೊಳ್ಳಬಲ್ಲವರಿಗೆ ಇಬ್ಬರು. ಅದೂ ಕಷ್ಟವಾದವರಿಗೆ ಇಬ್ಬರು, ಅವರಲ್ಲೊಬ್ಬರು ರಕ್ಷಣಾ ತರಬೇತಿ ಪಡೆದವರು. ಡೈವಿಂಗ್ ತರಬೇತಿ ಕೊಡುವ ಪಾಡಿ (PADI) ಸಂಸ್ಥೆಯೂ 2017ರಲ್ಲಿ ಅಂಗವಿಕಲರಿಗೆ ನೆರವಾಗುವುದನ್ನು ಕಲಿಸುವ ಕೋರ್ಸ್ ತಂದಿತು.

ಯಾರ ಲೆಕ್ಕಕ್ಕೂ ಬಾರದ ಇನ್ನೊಂದು ಸಂಗತಿಯಿದೆ. ನಾನು ಬೋಟು ಹತ್ತುವ ಜಾಗದಲ್ಲಿ ಗಾಲಿಕುರ್ಚಿ ಒಳಹೋಗುವ ಶೌಚಾಲಯವಿಲ್ಲ. ಹಾಗಾಗಿ ನಮ್ಮಂಥವರು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತೇವೆ. ಮೈಯಲ್ಲಿ ನೀರಿನಂಶ ಕಡಿಮೆಯಾದಾಗ ಡೈವ್ ಮಾಡಿದರೆ ಡಿಕಂಪ್ರೆಷನ್ ಸಿಕ್‌ನೆಸ್ (ನೀರಿನಾಳದಿಂದ ಮೇಲೆ ಬರುವಾಗ ಮೈಯೊಳಗೆ ಗಾಳಿಗುಳ್ಳೆ ಏಳುವ ಕಾಯಿಲೆ) ಆಗುವ ಸಂಭವ ಹೆಚ್ಚು. ಬೆನ್ನುಹುರಿಗೆ ಅದು ತಗುಲಿದಾಗಿನ ಲಕ್ಷಣವೆಂದರೆ ಕಾಲು ಜೋಮು ಹಿಡಿಯುವುದು, ಬಲ ಕುಂದುವುದು, ಮೂತ್ರ ಕಟ್ಟುವುದು. ಇವೆಲ್ಲ ನಮಗೆ ಮೊದಲೇ ಇರುವಂಥವು! ಹೊಸದು ಯಾವುದು, ಹಳೆಯದು ಯಾವುದು ಎಂದು ವೈದ್ಯರು ಹೇಗೆ ಹೇಳಬೇಕು? ಆದ್ದರಿಂದ ನೀರಿಗಿಳಿಯುವ ಮುನ್ನವೇ ಎಲ್ಲಿಯವರೆಗೆ ಸ್ಪರ್ಶವಿದೆ, ಎಷ್ಟು ಬಲವಿದೆ ಎಂದು ವೈದ್ಯರಿಂದ ಪರೀಕ್ಷಿಸಿ ಬರೆದಿಡಬೇಕು. ಬೋಟಿನವರು ಸಹಿ ಹಾಕಿಸಿಕೊಳ್ಳುವ ಫಾರಂನಲ್ಲಿ ಅದಕ್ಕೊಂದು ಸಾಲೂ ನನಗೆ ಕಾಣಲಿಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ನಾವು ಕ್ರೀಡೆಯಲ್ಲಿ ಭಾಗವಹಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಅದು ಸರ್ಕಾರಕ್ಕೆ ಹೊರಿಸಿದೆ. 2023ರಲ್ಲಿ ಪಣಜಿಯಲ್ಲಿ ನಮಗಾಗಿಯೇ ಪರ್ಪಲ್ ಫೆಸ್ಟ್ ಆರಂಭಿಸಿದ ರಾಜ್ಯ ಗೋವಾ. ಇಲ್ಲಿನ ಪ್ರವಾಸೋದ್ಯಮ ಇಲಾಖೆ ಡೈವಿಂಗ್‌ಗೆ ಅನುಮತಿ ಕೊಡುವಾಗ, ಅಂಗವಿಕಲರಿಗೆ ನೆರವಾಗುವ ತರಬೇತಿ ಪಡೆದ ಒಬ್ಬರಾದರೂ ಬೋಟಿನಲ್ಲಿ ಇರಲೇಬೇಕೆಂಬ ಷರತ್ತು ಹಾಕಲಿ. ಬೋಟು ಹತ್ತುವ ಕಡೆ ರ‍್ಯಾಂಪ್, ಶೌಚಾಲಯ ಕಟ್ಟಿಸಲಿ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವಿಂಗ್ ನಡೆಯುತ್ತಿರುವುದರಿಂದ, ಕರ್ನಾಟಕದ ಇಲಾಖೆಗೂ ಇದೇ ನನ್ನ ಕೋರಿಕೆ.

– ಒಬ್ಬ ಓದುಗ, ಬೈನಾ, ವಾಸ್ಕೋ (ಗೋವಾ)