ಮತ್ತೆ ಓಡಿದೆ, ನಿಮ್ಮಿಂದಾಗಿ

ಸೋಮವಾರ ಬೆಳಿಗ್ಗೆ ನಮ್ಮ ಶಾಲೆಯ ಖೋ ಖೋ ಅಂಕಣದಲ್ಲಿ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಓಡಿದೆ. ನಿಧಾನವಾಗಿ ಓಡಿದೆ, ಆದರೆ ಎಲ್ಲೂ ನಿಲ್ಲಲಿಲ್ಲ. ಮಂಡಿಯ ಆಪರೇಷನ್ ಆಗಿ 9 ತಿಂಗಳಾಯಿತು. ಮಕ್ಕಳಿಗೆ ಕಂಬ ಹಿಡಿದು ತಿರುಗುವುದನ್ನು ತೋರಿಸುವಾಗ ಕಾಲು ಹೊರಳಿ ಲಿಗಮೆಂಟ್ ಹರಿದಿತ್ತು.

ಆಪರೇಷನ್ ಮಾಡಿದ ಡಾಕ್ಟರಿಗೆ, ನನ್ನ ಪಿರಿಯಡ್‌ಗಳನ್ನೂ ತೆಗೆದುಕೊಂಡ ಟೀಚರುಗಳಿಗೆ, ಅಡುಗೆಮನೆ ಪೂರ್ತಿ ನೋಡಿಕೊಂಡ ನಮ್ಮ ಯಜಮಾನರಿಗೆ ತುಂಬಾ ಥ್ಯಾಂಕ್ಸ್. ಫಿಸಿಯೋ ಹುಡುಗಿಗೆ ಇನ್ನೂ ಜಾಸ್ತಿ. ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು 'ಒತ್ತಿ ಅಕ್ಕಾ, ಇನ್ನೊಂದ್ಸಲ' ಅಂತ ದಿನಾ ಕೂತವಳು ಅವಳು. ನಾನು ಅತ್ತಾಗಲೂ ಬಿಡಲಿಲ್ಲ.

ಮಲಗಿದ್ದಾಗ ಜಾಸ್ತಿ ನೆನಪಾಗಿದ್ದು ಊರು. ವಿ.ಸಿ. ನಾಲೆ ಪಕ್ಕದ ನಮ್ಮ ಮಂಡ್ಯದ ಹಳ್ಳಿಯಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಗಂಡುಬೀರಿ' ಅಂತಲೇ. ಲಂಗ ಎತ್ತಿಕಟ್ಟಿ ಸೀಬೆಮರ ಹತ್ತುತ್ತಿದ್ದೆ. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಗಾಡಿ ಹಿಂದೆ ಓಡಿ ಜಲ್ಲೆ ಎಳೆಯುತ್ತಿದ್ದೆ. ಬೆನ್ನಿಗೆ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದು ಅಣ್ಣ. ಗೆಳೆಯರ ಮಧ್ಯೆ ತಂಗಿಯನ್ನು ಕರ್ಕೊಂಡು ಹೋಗೋಕೆ ಅವನಿಗೂ ಮುಜುಗರ ಆಗಿರಬೇಕು. ಒಂದು ದಿನವೂ 'ಮನೇಲಿರು' ಅನ್ನಲಿಲ್ಲ. ಅಣ್ಣಾ, ನಿನಗೆ ಇದನ್ನ ಯಾವತ್ತೂ ಹೇಳೇ ಇರಲಿಲ್ಲ ಅಲ್ವಾ?

ಬೈಯುವುದರಲ್ಲಿ ಅವ್ವ ಎಲ್ಲರಿಗಿಂತ ಮುಂದು. ಏಳನೇ ಕ್ಲಾಸಿನಲ್ಲಿ ನಾನು ದೊಡ್ಡವಳಾದೆ. ಶಾಸ್ತ್ರ ಮುಗಿದ ಮೇಲೆ, ಇನ್ನು ಬಯಲಿನ ಕಡೆ ತಲೆ ಹಾಕಬಾರದು ಅಂತ ಮನೆಯ ಹಿರಿಯರು ಹೇಳಿದರು. ಅವ್ವ ಏನೂ ಮಾತಾಡಲಿಲ್ಲ. ಆಟ ಮುಗಿಯಿತು ಅಂದುಕೊಂಡೆ. ಮುಂದಿನ ವಾರ ತಾಲ್ಲೂಕು ಮಟ್ಟದ ಖೋ ಖೋ ಇತ್ತು.

ಆವತ್ತು ಬೆಳಗ್ಗೆ ನನ್ನ ಚೀಲದಲ್ಲಿ ಅವ್ವ ಒಂದು ಗಂಟು ಇಟ್ಟಳು. ಅಣ್ಣನ ಹಳೇ ಖಾಕಿ ಪ್ಯಾಂಟ್. ಕಾಲು ಕತ್ತರಿಸಿ, ಸೊಂಟಕ್ಕೆ ಎಲಾಸ್ಟಿಕ್ ಹಾಕಿ, ರಾತ್ರಿ ಕೂತು ಕೈಯಲ್ಲೇ ಹೊಲಿದಿದ್ದಳು. ಖಾಕಿ ದಾರ ಸಿಕ್ಕಿರಲಿಲ್ಲವೇನೋ, ಕಪ್ಪು ದಾರ. ಒಂದೊಂದು ಹೊಲಿಗೆಯೂ ಎದ್ದು ಕಾಣುತ್ತಿತ್ತು. 'ಲಂಗ ಕಾಲ್ಗೆ ಸಿಕ್ಕಂಡು ಬಿದ್ದುಬುಟ್ಟೀಯ, ಇದ ಹಾಕ್ಕೊ' ಅಂದಳು. ಅಷ್ಟೇ. ಹಿರಿಯರಿಗೆ ಏನು ಹೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಪಿಟಿ ಟೀಚರ್ ಆಗುವವರೆಗೂ ನನ್ನ ಆಟಕ್ಕೆ ಯಾರೂ ಅಡ್ಡ ಬರಲಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ದಿಂಬಿನ ಮೇಲೆ ಕಾಲಿಟ್ಟುಕೊಂಡು ಅವ್ವನ ಜೊತೆ ಫೈನಲ್ ನೋಡಿದೆ. ನಮ್ಮ ಹುಡುಗಿಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಪಂದ್ಯದ ಉತ್ತಮ ಆಟಗಾರ್ತಿ ನಮ್ಮ ಕಡೆಯವಳೇ, ಟಿ. ನರಸೀಪುರದ ಕುರುಬೂರಿನ ಚೈತ್ರಾ. ಅದನ್ನು ಹೇಳಿದಾಗ ಅವ್ವ ಬಹಳ ಹೊತ್ತು ಟಿವಿಯನ್ನೇ ನೋಡಿದಳು. ಆಮೇಲೆ, 'ಇವ್ಳಿಗೆ ಪ್ಯಾಂಟು ಯಾರ್ ಹೊಲ್ಕೊಟ್ರೋ' ಅಂದಳು.

ಸೋಮವಾರ ಅವ್ವ ಮೈದಾನಕ್ಕೆ ಬಂದಿದ್ದಳು, ಹೊಂಗೆಮರದ ನೆರಳಲ್ಲಿ ಕೂತಿದ್ದಳು. ನಾನು ಎರಡನೇ ಕಂಬ ಮುಟ್ಟಿದಾಗ ಮಕ್ಕಳೆಲ್ಲ ಒಟ್ಟಿಗೆ 'ಖೋ' ಅಂತ ಕೂಗಿದರು. ಹೋಗಿ ಅವ್ವನ ಪಕ್ಕ ಕೂತೆ. ಮಂಡಿಯ ಮೇಲಿನ ಹೊಲಿಗೆ ಗುರುತನ್ನು ಬೆರಳಲ್ಲಿ ಸವರಿ, 'ನಾಳಿಕೂ ಬರ್ಬೇಕಾ?' ಅಂತ ಕೇಳಿದಳು.

ಬಾ ಅವ್ವ ಅಂದೆ.