ಚಾರ್ಜರ್ ಸಾಲಿನ ಕೊನೆಗೇ ಬರಬೇಕು

ತಾವೇ ಬರೆದು, ತಾವೇ ರಾಗ ಹಾಕಿ, ಮನೆಯಲ್ಲೇ ರೆಕಾರ್ಡ್ ಮಾಡಿ ಹಾಡು ಬಿಡುವ ಇಂಡಿ ಗಾಯಕರ ತಮಾಷೆ ಹಾಡುಗಳಿಗೆ ನಮ್ಮಿಂದ ಸಿಗುವ ಹೊಗಳಿಕೆ ಸಾಮಾನ್ಯವಾಗಿ ಒಂದೇ: ‘ಮಜವಾಗಿದೆ’. ಅಷ್ಟು ಸಾಲದು. ಬಾಡಿಗೆ, ಬೊಜ್ಜು, ತೊಳೆಯದೆ ಬಿದ್ದ ಪಾತ್ರೆಗಳ ಮೇಲೆ ಹಾಡು ಕಟ್ಟಿ, ಅದನ್ನು ಹತ್ತನೇ ಸಲವೂ ಕೇಳುವಂತೆ ಮಾಡುವುದು ವಿರಹಗೀತೆ ಬರೆಯುವುದಕ್ಕಿಂತ ಕಷ್ಟದ ಕಸುಬು. ಜೋಕು ಮೊದಲ ಸಲಕ್ಕೇ ಖರ್ಚಾಗಿಬಿಡುತ್ತದೆ. ಆಮೇಲೂ ಹಾಡನ್ನು ಉಳಿಸುವುದು ಸಾಲಿನೊಳಗಿನ ನಿಖರತೆ.

ಉದಾಹರಣೆಗೆಂದೇ ಹೊಸೆದ ಎರಡು ಸಾಲು:

ನಿನ್ನಯ ನೆನಪಲಿ ಏಳಲು ಆಗದು
ಚಾರ್ಜರ್ ಇರುವುದು ಆಚೆಯ ಕೋಣೆಲಿ

ಒಂದೊಂದು ಪದಕ್ಕೂ ನಾಲ್ಕು ಮಾತ್ರೆ (ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆ), ಸಾಲಿಗೆ ನಾಲ್ಕು ಬೀಟ್. ಲೆಕ್ಕ ಸರಿ, ಆದರೂ ಹಾಡು ಎಡವುತ್ತದೆ. ನಗು ಹುಟ್ಟುವುದು ‘ಚಾರ್ಜರ್’ ಎಂದಾಗ. ಅದು ಮೊದಲ ಬೀಟಿಗೇ ಬಂದುಬಿಟ್ಟರೆ ಉಳಿದ ಮೂರು ಪದ ಕೇಳುಗರ ನಗುವಿನಲ್ಲಿ ಮುಳುಗಿಹೋಗುತ್ತವೆ. ‘ಆಚೆಯ ಕೋಣೆಲಿ ಉಳಿದಿದೆ ಚಾರ್ಜರ್’ ಎಂದು ತಿರುಗಿಸಿ ನೋಡಿ. ಮಾತ್ರೆ ಅಷ್ಟೇ, ಏಟು ಮಾತ್ರ ಕೊನೆಗೆ ಬೀಳುತ್ತದೆ. ಕ್ರಿಯಾಪದವನ್ನು ಕೊನೆಯಿಂದ ಸರಿಸಲು ಕನ್ನಡ ಬಿಡುತ್ತದೆ. ಒಳ್ಳೆಯ ಬರಹಗಾರರು ಈ ಸಲಿಗೆಯನ್ನು ಚೆನ್ನಾಗಿಯೇ ಬಳಸಿಕೊಳ್ಳುತ್ತಾರೆ. ಆ ಸಾಲಿನ ನಂತರ ನಾಲ್ಕು ಬೀಟ್ ಖಾಲಿ ಬಿಡಬೇಕು. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಅದು ಎರಡು ಸೆಕೆಂಡು, ಒಂದು ನಗುವಿಗೆ ಸಾಕು.

ಇದೇ ಕ್ರಿಯಾಪದದಿಂದ ಪ್ರಾಸಕ್ಕೂ ತೊಂದರೆ. ಬರುತ್ತೆ, ಇರುತ್ತೆ, ಹೋಗುತ್ತೆ ಎಂದು ಎಲ್ಲ ಸಾಲೂ ತಾನಾಗಿಯೇ ಪ್ರಾಸವಾಗುವುದರಿಂದ ಮುಂದೇನು ಬರಲಿದೆ ಎಂದು ಕೇಳುಗರಿಗೆ ಮೊದಲೇ ಗೊತ್ತಾಗುತ್ತದೆ, ಜೋಕು ಸೋರಿಹೋಗುತ್ತದೆ. ನಾಮಪದಗಳನ್ನು ಪ್ರಾಸಕ್ಕೆ ಕೂರಿಸಿದ ಗಾಯಕರು ಸಿಕ್ಕರೆ ಬೆನ್ನು ತಟ್ಟಿ, ಅವರು ದುಡಿದಿದ್ದಾರೆ. ಆಡುಮಾತಿನ ಆಯ್ಕೆಯೂ ಬರೀ ಸ್ಟೈಲಿಗಲ್ಲ: ‘ಮಾಡುತ್ತೇನೆ’ ಏಳು ಮಾತ್ರೆ, ‘ಮಾಡ್ತೀನಿ’ ಐದು. ಉಳಿದ ಎರಡು ಮಾತ್ರೆಯಲ್ಲಿ ಒಂದು ‘ಬರಿ’ಯೋ ‘ಇದೆ’ಯೋ ಹಿಡಿಸುತ್ತದೆ. ಇನ್ನು, ರಾಗಕ್ಕಾಗಿ ಲಘುವನ್ನು, ಅಂದರೆ ಒಂದೇ ಮಾತ್ರೆಯ ಅಕ್ಷರವನ್ನು, ಎಳೆದರೆ ‘ಬಿಡಿ’ ಹೋಗಿ ‘ಬೀಡಿ’ ಆಗುತ್ತದೆ. ಆಗ ಬರುವ ನಗು ಬರೆದವರು ಬಯಸಿದ್ದಲ್ಲ.

ಪ್ರಾಮಾಣಿಕತೆಯನ್ನು ಅಳೆಯುವುದು ಹೇಗೆ? ‘ನಾನು ಸೋಮಾರಿ’ ಎಂದು ಹಾಡುವುದು ಬರೀ ಘೋಷಣೆ. ಚಾರ್ಜರ್ ಪಕ್ಕದ ಕೋಣೆಯಲ್ಲಿದೆ, ಫೋನ್ ಆರಲಿ ಬಿಡು ಎಂದು ಮಲಗಿರುವುದು ಸಾಕ್ಷಿ. ಸಾಲಿನಲ್ಲಿರುವ ವಸ್ತುವನ್ನು ತೆಗೆದು ಇನ್ನೊಂದನ್ನಿಟ್ಟು ನೋಡಿ. ಏನೂ ಕೆಡದಿದ್ದರೆ ಆ ಸಾಲು ನೋಡಿ ಬರೆದದ್ದಲ್ಲ, ಊಹಿಸಿ ಬರೆದದ್ದು. ಪಲ್ಲವಿಯನ್ನೂ ಗಮನಿಸಿ. ಅದೇ ಮಾತು ಮೊದಲ ಚರಣದ ನಂತರ ನಗಿಸಿ ಮೂರನೆಯದರ ನಂತರ ಚುಚ್ಚಿದರೆ, ಒಂದಕ್ಷರವೂ ಬದಲಾಗದೆ ಅರ್ಥ ತಿರುಗಿದೆ ಎಂದು ಲೆಕ್ಕ. ಈ ಬಗೆಯ ಬರವಣಿಗೆಯಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ.

ಹಾಡುವಾಗ ಮುಖ ಬಿಗಿಯಾಗಿರಬೇಕು. ತಮ್ಮ ಜೋಕಿಗೆ ತಾವೇ ನಕ್ಕರೆ ಕೇಳುಗರ ಪಾಲಿಗೆ ಏನೂ ಉಳಿಯದು. ‘ಟೊಂಯ್’ ಎನ್ನುವ ಹಾಸ್ಯದ ಸದ್ದುಗಳಂತೂ ಬೇಡವೇ ಬೇಡ.

ಇಂಥವರನ್ನು ನಮ್ಮ ವೇದಿಕೆಗೆ ಕರೆಸುವ ಸಮಿತಿಗೆ ಒಂದು ಮಾತು. ಪದ ಕೇಳಿಸದಿದ್ದರೆ ಕಾರ್ಯಕ್ರಮವೇ ದಂಡ. ದೊಡ್ಡ ಸಭಾಂಗಣಕ್ಕೆ ಅದರದ್ದೇ ಪ್ರತಿಧ್ವನಿ ಇರುತ್ತದೆ, ಆದ್ದರಿಂದ ಗಾಯಕರ ಮೈಕಿಗೆ ಬೇರೆ ರಿವರ್ಬ್ (ಕೃತಕ ಪ್ರತಿಧ್ವನಿ) ಹಾಕಬೇಡಿ. ಮೈಕಿನ ಈಕ್ವಲೈಸರ್‌ನಲ್ಲಿ (ದನಿಯ ಬೇರೆಬೇರೆ ಕಂಪನಾಂಕಗಳನ್ನು ಏರಿಸಿ ಇಳಿಸುವ ಸಾಧನ) 250ರಿಂದ 400 ಹರ್ಟ್ಸ್ ಸುತ್ತ ತುಸು ತಗ್ಗಿಸಿದರೆ ದನಿಯ ಮಬ್ಬು ಹೋಗುತ್ತದೆ, 2ರಿಂದ 4 ಕಿಲೋಹರ್ಟ್ಸ್ ತುಸು ಏರಿಸಿದರೆ ವ್ಯಂಜನಗಳು ಬಿಡಿಬಿಡಿಯಾಗಿ ಕೇಳುತ್ತವೆ. ಗಿಟಾರಿನ ಸದ್ದು ಗಾಯಕರ ದನಿಗಿಂತ ಕೆಳಗಿರಲಿ. ಸೌಂಡ್ ಚೆಕ್ ಮಾಡುವಾಗ ಹಾಡು ಗೊತ್ತಿಲ್ಲದ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಕೇಳಿದ ಪದಗಳನ್ನು ಬರೆಯಲು ಹೇಳಿ. ಹಾಡು ಗೊತ್ತಿರುವವರನ್ನು ಕೂರಿಸಿದರೆ ಉಪಯೋಗವಿಲ್ಲ, ಕೇಳಿಸದ ಪದವನ್ನೂ ಅವರ ಕಿವಿ ತುಂಬಿಕೊಳ್ಳುತ್ತದೆ.